84 ದಿನದ ಔಷಧಿ, ಏಳು ವರ್ಷ ತಡ: ಎಚ್‌ಐವಿ ಜೊತೆ ಬಂದ ಹೆಪಟೈಟಿಸ್ ಸಿ ಕಥೆ

ಸಾಮಾನ್ಯವಾಗಿ ಇಲ್ಲಿ ನಾನು ಬಂದರು, ಬ್ಯಾಂಕು, ತೆರಿಗೆ, ಹಳೇ ಕಂಪನಿಗಳ ಕಥೆ ಹೇಳ್ತಿರ್ತೀನಿ. ಇವತ್ತು ಎರಡು ವೈರಸ್‌ಗಳ ಇತಿಹಾಸ. ಗಾಬರಿ ಆಗ್ಬೇಡಿ, ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದರೆ ಈ ಕಥೆಯೊಳಗೆ ಲೆಕ್ಕ ಇದೆ, ಬೆಲೆ ಇದೆ, ಕೋರ್ಟು ಇದೆ. ಅದಕ್ಕೇ ಕೈ ಹಾಕಿದೀನಿ.

ಬೆಂಗಳೂರಿನಲ್ಲಿ ಎರಡು ವರ್ಷ ನನ್ನ ಜೊತೆ ರೂಮ್ ಹಂಚಿಕೊಂಡಿದ್ದ ಗೆಳೆಯ ಇಂಫಾಲದವನು. ಅವನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದೀನಿ, ಹೆಸರು ಮಾತ್ರ ಹೇಳಲ್ಲ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಟೆರೇಸ್ ಮೇಲೆ ಕೂತು ಮನೆ ವಿಷಯ ಮಾತಾಡ್ತಾ ಅವನು ಮೊಬೈಲಲ್ಲಿ ಒಂದು ಫೋಟೋ ತೋರಿಸಿದ. ಅವನ ಚಿಕ್ಕಪ್ಪನ ಎಆರ್‌ಟಿ ಪುಸ್ತಕ. ಎಚ್‌ಐವಿ ಔಷಧಿ ತಗೊಳ್ಳೋರ ಹತ್ತಿರ ಇರುತ್ತಲ್ಲ, ಪ್ರತಿ ತಿಂಗಳು ಮಾತ್ರೆ ಕೊಟ್ಟಾಗ ದಿನಾಂಕ ಬರೆಯೋದು, ಅದು. ಒಂದು ತಿಂಗಳೂ ತಪ್ಪಿಲ್ಲ. ತೂಕ ಏರಿದೆ, ಸಿಡಿ4 ಎಣಿಕೆ ಏರಿದೆ. ಪುಸ್ತಕ ನೋಡಿದರೆ ಮನುಷ್ಯ ಹುಷಾರಾಗ್ತಿದ್ದಾನೆ ಅನ್ಸುತ್ತೆ. 2012ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಎಚ್‌ಐವಿಯಿಂದ ಅಲ್ಲ, ಲಿವರ್‌ನಿಂದ.

ಪುಸ್ತಕದ ಹಾಳೆಗಳ ಮಧ್ಯೆ ಮಡಚಿಟ್ಟ ಒಂದು ಚೀಟಿ ಇತ್ತು. ಹೆಪಟೈಟಿಸ್ ಸಿ ಚಿಕಿತ್ಸೆಗೆ ಎಷ್ಟಾಗುತ್ತೆ ಅಂತ ಯಾರೋ ಪೆನ್ನಲ್ಲಿ ಬರೆದುಕೊಟ್ಟಿದ್ದು. ಆರು ತಿಂಗಳಿಗೆ ನಾಲ್ಕು ಲಕ್ಷದ ಮೇಲೆ. ಕೆಳಗೆ ಇನ್ನೊಂದು ಸಾಲು: ಒಂದು ವರ್ಷ ಬೇಕಾಗಬಹುದು. ಚಿಕ್ಕಪ್ಪ ಆ ಚೀಟಿಯನ್ನ ಮನೇಲಿ ಯಾರಿಗೂ ತೋರಿಸಿರಲಿಲ್ಲ.

ಅದೇ ಚಿಕ್ಕಪ್ಪನ ಜೊತೆಗಾರ ಒಬ್ಬರಿದ್ದಾರೆ. ಅದೇ ಓಣಿ, ಅದೇ ವಯಸ್ಸು. ಇಬ್ಬರೂ ಚಿಕ್ಕವಯಸ್ಸಲ್ಲಿ ಒಂದೇ ಸೂಜಿ ಹಂಚಿಕೊಂಡವರು, ಇಬ್ಬರಿಗೂ ಎರಡೂ ವೈರಸ್. ಆ ಜೊತೆಗಾರ 2019ರಲ್ಲಿ 84 ದಿನ ಮಾತ್ರೆ ನುಂಗಿ ಹೆಪಟೈಟಿಸ್ ಸಿ ಪೂರ್ತಿ ವಾಸಿ ಮಾಡಿಕೊಂಡರು. ಖರ್ಚು ಒಂದು ರೂಪಾಯಿಯೂ ಇಲ್ಲ.

ಗೆಳೆಯ ನನ್ನ ಕೇಳಿದ್ದು ಒಂದೇ ಪ್ರಶ್ನೆ. "ನೀನು ಕಾಮರ್ಸ್ ಓದಿದೋನು ತಾನೆ? 2012ರಲ್ಲಿ ಲಕ್ಷಗಟ್ಟಲೆ ಇದ್ದಿದ್ದು 2019ರಲ್ಲಿ ಹೇಗೆ ಉಚಿತ ಆಯ್ತು? ನಮ್ಮ ಚಿಕ್ಕಪ್ಪನಿಗೆ ಯಾಕೆ ಆಗ್ಲಿಲ್ಲ?" ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಗಡಿಯ ಆಚೆಯಿಂದ ಬಂದ ಪುಡಿ

ಮ್ಯಾಪ್ ತೆಗೆದು ಮಣಿಪುರ ನೋಡಿ. ಪೂರ್ವಕ್ಕೆ ಮ್ಯಾನ್ಮಾರ್. ಗಡಿಯಲ್ಲಿ ಮೋರೆ ಅಂತ ಒಂದು ಪೇಟೆ. 1980ರ ದಶಕದಲ್ಲಿ ಆ ಕಡೆಯಿಂದ ಹೆರಾಯಿನ್ ಬರೋಕೆ ಶುರುವಾಯಿತು. ಅಲ್ಲಿನವರು ಅದನ್ನ 'ನಂಬರ್ ಫೋರ್' ಅಂತಿದ್ದರು. ನೀರಲ್ಲಿ ಸುಲಭವಾಗಿ ಕರಗುವಷ್ಟು ಶುದ್ಧ ಪುಡಿ. ಕರಗುತ್ತೆ ಅಂದಮೇಲೆ ಸೂಜಿಯಲ್ಲಿ ಚುಚ್ಚಿಕೊಳ್ಳಬಹುದು. ಸಿರಿಂಜ್ ಜೇಬಲ್ಲಿದ್ದರೆ ಪೊಲೀಸರ ಭಯ. ಹಾಗಾಗಿ ಒಂದೇ ಸಿರಿಂಜ್ ನಾಲ್ಕು ಜನ, ಐದು ಜನ, ಹತ್ತು ಜನಕ್ಕೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನ ಕಂಡುಹಿಡಿದರು. ಮಣಿಪುರದಲ್ಲಿ ಸೂಜಿ ಚುಚ್ಚಿಕೊಳ್ಳುವವರ ರಕ್ತದಲ್ಲಿ 1989ರ ಸೆಪ್ಟೆಂಬರ್‌ವರೆಗೂ ಎಚ್‌ಐವಿ ಇರಲಿಲ್ಲ. ಅಲ್ಲಿಂದ ಆರು ತಿಂಗಳೊಳಗೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು. ಸೊನ್ನೆಯಿಂದ ಐವತ್ತು ಪ್ರತಿಶತ, ಆರು ತಿಂಗಳಲ್ಲಿ. ನನ್ನ ಗೆಳೆಯನ ಚಿಕ್ಕಪ್ಪನಿಗೆ ಆಗ ಇಪ್ಪತ್ತು ವಯಸ್ಸು.

ಎಲ್ಲರೂ ಎಚ್‌ಐವಿ ಕಡೆ ನೋಡ್ತಿದ್ದರು. ನೋಡಲೇಬೇಕಿತ್ತು ಕೂಡ. ಆದರೆ ಅದೇ ಸಿರಿಂಜಿನಲ್ಲಿ, ಅದೇ ರಕ್ತದ ಹನಿಯಲ್ಲಿ ಇನ್ನೊಂದು ವೈರಸ್ ಕೂಡ ಹೋಗ್ತಿತ್ತು. ಅದಕ್ಕೆ ಹೆಸರು ಸಿಕ್ಕಿ ಕೆಲವೇ ತಿಂಗಳಾಗಿತ್ತು.

ಎ ಅಲ್ಲ, ಬಿ ಅಲ್ಲ

ನಮ್ಮ ಕಡೆ ಲಿವರ್ ಕಾಯಿಲೆ ಅಂದರೆ ಕಾಮಾಲೆ. ಕಣ್ಣು ಹಳದಿ ಆಗುತ್ತೆ, ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡ್ತಾರೆ, ಪಥ್ಯ ಇರುತ್ತೆ. ಅಂದರೆ ನಮ್ಮ ತಲೆಯಲ್ಲಿ ಲಿವರ್ ಕಾಯಿಲೆ ಕಣ್ಣಿಗೆ ಕಾಣೋ ಕಾಯಿಲೆ. ಹೆಪಟೈಟಿಸ್ ಸಿ ಹಾಗಲ್ಲ. ಬಹಳ ಜನಕ್ಕೆ ಕಾಮಾಲೆಯೂ ಬರಲ್ಲ, ಜ್ವರವೂ ಇರಲ್ಲ. ಸುಮಾರು ಶೇ. 70ರಷ್ಟು ಜನರಲ್ಲಿ ವೈರಸ್ ಒಳಗೇ ಉಳಿದು ಹತ್ತಿಪ್ಪತ್ತು ವರ್ಷ ಲಿವರನ್ನ ಸದ್ದಿಲ್ಲದೆ ಗಟ್ಟಿ ಮಾಡ್ತಾ ಹೋಗುತ್ತೆ. ಅವರಲ್ಲಿ ಒಂದಷ್ಟು ಜನಕ್ಕೆ ಸಿರೋಸಿಸ್, ಇನ್ನೂ ಕೆಲವರಿಗೆ ಲಿವರ್ ಕ್ಯಾನ್ಸರ್.

1970ರ ದಶಕದಲ್ಲಿ ಅಮೆರಿಕದ ಹಾರ್ವಿ ಆಲ್ಟರ್ ಮತ್ತು ಅವರ ತಂಡ ರಕ್ತ ಪಡೆದ ರೋಗಿಗಳನ್ನ ಗಮನಿಸ್ತಿತ್ತು. ಹೆಪಟೈಟಿಸ್ ಎ ಅಲ್ಲ, ಬಿ ಅಲ್ಲ, ಆದರೂ ಲಿವರ್ ಊದಿಕೊಳ್ತಿದೆ. ಏನು ಅಂತ ಗೊತ್ತಾಗದೆ 'ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್' ಅಂತಲೇ ಹೆಸರಿಟ್ಟರು. ಇದಲ್ಲ ಅದಲ್ಲ ಅನ್ನೋದೇ ಒಂದು ರೋಗದ ಹೆಸರು! 1989ರಲ್ಲಿ ಮೈಕಲ್ ಹೌಟನ್ ತಂಡ ಆ ವೈರಸನ್ನ ಗುರುತಿಸಿ ಪ್ರಕಟಿಸಿತು. ಅದಕ್ಕೆ ಹೆಪಟೈಟಿಸ್ ಸಿ ಅನ್ನೋ ಹೆಸರು ನಿಂತಿತು. ಆ ವೈರಸ್ ಒಂದೇ ಸಾಕು ರೋಗ ತರೋಕೆ ಅಂತ 1997ರಲ್ಲಿ ಚಾರ್ಲ್ಸ್ ರೈಸ್ ತೋರಿಸಿಕೊಟ್ಟರು. 2020ರಲ್ಲಿ ಈ ಮೂವರಿಗೆ ನೊಬೆಲ್ ಬಂತು.

ಕಾಕತಾಳೀಯ ನೋಡಿ. ವಿಜ್ಞಾನಿಗಳ ಪತ್ರಿಕೆಯಲ್ಲಿ ಹೆಪಟೈಟಿಸ್ ಸಿ ಹೆಸರು ಬಂದ ವರ್ಷ 1989. ಇಂಫಾಲದ ಓಣಿಗಳಲ್ಲಿ ಎಚ್‌ಐವಿ ಹಬ್ಬೋಕೆ ಶುರುವಾದ ವರ್ಷವೂ 1989.

ರಕ್ತದಿಂದ ರಕ್ತಕ್ಕೆ ಹರಡೋದರಲ್ಲಿ ಹೆಪಟೈಟಿಸ್ ಸಿ ಎಚ್‌ಐವಿಗಿಂತ ಚುರುಕು. ಸಿರಿಂಜಿನೊಳಗೆ ಅದು ದಿನಗಳಲ್ಲ, ವಾರಗಟ್ಟಲೆ ಬದುಕಿರಬಲ್ಲದು. ಸಿರಿಂಜ್ ಬೇರೆ ಬೇರೆ ಇದ್ದರೂ ಪುಡಿ ಕರಗಿಸಿದ ಚಮಚ, ಸೋಸಿದ ಹತ್ತಿ, ತೊಳೆದ ನೀರು ಹಂಚಿಕೊಂಡರೆ ಸಾಕು. ಮಣಿಪುರದಲ್ಲಿ ಎಚ್‌ಐವಿ ಇದ್ದ, ಸೂಜಿ ಚುಚ್ಚಿಕೊಳ್ತಿದ್ದ ಜನರ ಮೇಲೆ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಅವರ ಹೆಂಡತಿಯರಲ್ಲಿ ಅದು ತುಂಬ ಕಡಿಮೆ. ಯಾಕಂದ್ರೆ ಹೆಪಟೈಟಿಸ್ ಸಿ ಗಂಡಸು ಹೆಂಗಸಿನ ಲೈಂಗಿಕ ಸಂಪರ್ಕದಿಂದ ಹರಡೋದು ಕಡಿಮೆ, ಅದರ ದಾರಿ ರಕ್ತ.

ಎರಡೂ ಒಂದೇ ದೇಹದಲ್ಲಿದ್ದರೆ ಏನಾಗುತ್ತೆ? ಎಚ್‌ಐವಿ ರೋಗನಿರೋಧಕ ಶಕ್ತಿಯನ್ನ ಕುಗ್ಗಿಸುತ್ತೆ. ತಡೆಯೋರಿಲ್ಲದೆ ಹೆಪಟೈಟಿಸ್ ಸಿ ಹೆಚ್ಚಾಗುತ್ತೆ. ಲಿವರ್ ಗಟ್ಟಿಯಾಗುವ ವೇಗ ಏರುತ್ತೆ. ಮೂವತ್ತು ವರ್ಷ ತಗೊಳ್ಳಬಹುದಾಗಿದ್ದ ಹಾನಿ ಎಷ್ಟೋ ಬೇಗ ಆಗಿಬಿಡುತ್ತೆ.

ಎರಡು ಖಾತೆ

ಈಗ ಒಳ್ಳೇ ಸುದ್ದಿಗೆ ಬರೋಣ. 1996ರಲ್ಲಿ ಎಚ್‌ಐವಿಗೆ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು, ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಲೆಕ್ಕದಲ್ಲಿ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಅದೇ ಮೂರು ಔಷಧಿಯನ್ನ ವರ್ಷಕ್ಕೆ 350 ಡಾಲರಿಗೆ ಕೊಡ್ತೀನಿ ಅಂದರು, ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಗೆ ಮೊದಲ ಆದ್ಯತೆ. ಆ ಪಟ್ಟಿಯಲ್ಲಿ ಮಣಿಪುರವೂ ಇತ್ತು, ನಮ್ಮ ಕರ್ನಾಟಕವೂ ಇತ್ತು.

ಒಂದೇ ಪಟ್ಟಿ, ಆದರೆ ಎರಡು ಬೇರೆ ಬೇರೆ ಕಥೆ. ಕರ್ನಾಟಕದಲ್ಲಿ ಎಚ್‌ಐವಿ ಬಹುಪಾಲು ಲೈಂಗಿಕ ಸಂಪರ್ಕದಿಂದ ಹರಡಿತ್ತು. ಹಾಗಾಗಿ ಇಲ್ಲಿನ ರೋಗಿಗಳಲ್ಲಿ ಹೆಪಟೈಟಿಸ್ ಸಿ ಕಡಿಮೆ. ಮಣಿಪುರದಲ್ಲಿ ಅದು ಸೂಜಿಯಿಂದ ಬಂದಿತ್ತು. ಎಚ್‌ಐವಿ ಬಂದ ದಾರಿಯಲ್ಲೇ ಹೆಪಟೈಟಿಸ್ ಸಿಯೂ ಬಂದಿತ್ತು.

ಇಲ್ಲೇ ನಮ್ಮ ಕಾಮರ್ಸ್ ಕ್ಲಾಸಿನ ಒಂದು ಪಾಠ ನೆನಪಾಗುತ್ತೆ: ಸರಾಸರಿ ನಂಬಬೇಡಿ. ದೇಶದ ಎಲ್ಲಾ ಎಚ್‌ಐವಿ ರೋಗಿಗಳನ್ನ ಒಟ್ಟು ಹಾಕಿ ಭಾಗಿಸಿದರೆ ಹೆಪಟೈಟಿಸ್ ಸಿ ಒಂದು ಸಣ್ಣ ಸಂಖ್ಯೆ. ದಕ್ಷಿಣದ ಲಕ್ಷಾಂತರ ಜನರ ಮಧ್ಯೆ ಮಣಿಪುರದವರು ಕರಗಿಹೋಗ್ತಾರೆ. ಆದರೆ ಇಂಫಾಲದ ಒಂದು ಕಾಯುವ ಕೋಣೆಯಲ್ಲಿ ಕೂತು ನೋಡಿದರೆ ಅದೇ ಬಹುಮತ.

ಎಚ್‌ಐವಿಗೆ ಒಂದು ಕಾರ್ಯಕ್ರಮ, ಒಂದು ಬಜೆಟ್, ಒಂದು ಪುಸ್ತಕ. ಹೆಪಟೈಟಿಸ್ ಸಿಗೆ ಏನೂ ಇಲ್ಲ. ಎಆರ್‌ಟಿ ಮಾತ್ರೆ ಉಚಿತ, ಆದರೆ ಲಿವರ್ ಪರೀಕ್ಷೆ, ವೈರಸ್ ಪರೀಕ್ಷೆ, ಚಿಕಿತ್ಸೆ ಎಲ್ಲ ಸ್ವಂತ ಜೇಬಿನಿಂದ. ದೇಹ ಒಂದೇ, ಖಾತೆ ಎರಡು. ಎಚ್‌ಐವಿಯಿಂದ ಸಾಯೋದು ತಪ್ಪಿತು, ಬದುಕು ಉದ್ದವಾಯಿತು, ಹಾಗೆ ಉದ್ದವಾದ ಬದುಕಿನಲ್ಲಿ ಲಿವರ್ ಕೈಕೊಡೋಕೆ ಸಮಯ ಸಿಕ್ಕಿತು. ಗೆಳೆಯನ ಚಿಕ್ಕಪ್ಪನ ಪುಸ್ತಕದಲ್ಲಿ ಹೆಪಟೈಟಿಸ್ ಸಿ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದಿದ್ದು ಆ ಚೀಟಿ ಮಾತ್ರ.

ಚೀಟಿಯಲ್ಲಿದ್ದ ಬೆಲೆ

ಆ ಚೀಟಿಯಲ್ಲಿದ್ದ ಔಷಧಿ ಪೆಗಿಲೇಟೆಡ್ ಇಂಟರ್‌ಫೆರಾನ್. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ದಿನಾ ರೈಬವಿರಿನ್ ಮಾತ್ರೆ. ಎಚ್‌ಐವಿ ಇದ್ದವರಿಗೆ ಸಾಮಾನ್ಯವಾಗಿ 48 ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಕೂದಲು ಉದುರೋದು, ಖಿನ್ನತೆ. ಇಷ್ಟೆಲ್ಲ ತಡ್ಕೊಂಡ ಮೇಲೂ ವಾಸಿಯಾಗುವ ಖಾತ್ರಿ ಇಲ್ಲ. ಎರಡೂ ವೈರಸ್ ಇದ್ದವರ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ನೂರಕ್ಕೆ ಸುಮಾರು 40 ಮಂದಿಗಷ್ಟೇ ವಾಸಿ. ಡಾಕ್ಟರುಗಳ ಭಾಷೆಯಲ್ಲಿ ಇವರೆಲ್ಲ 'ಚಿಕಿತ್ಸೆಗೆ ಕಷ್ಟದ ರೋಗಿಗಳು'.

ಬೆಲೆ ಅಷ್ಟೊಂದು ಯಾಕೆ? ಪೇಟೆಂಟ್. ನಮ್ಮ ದೇಶದಲ್ಲಿ 2005ರವರೆಗೆ ಔಷಧಿಗೇ ಪೇಟೆಂಟ್ ಕೊಡ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಸಿಪ್ಲಾಗೆ ಎಚ್‌ಐವಿ ಮಾತ್ರೆ ಅಗ್ಗವಾಗಿ ಮಾಡೋಕೆ ಆಗಿದ್ದು ಅದರಿಂದಲೇ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಕಾನೂನು ಬದಲಾಯಿತು. ಅದಾದ ಮುಂದಿನ ವರ್ಷವೇ, 2006ರಲ್ಲಿ, ಹೊಸ ಕಾನೂನಿನಡಿ ಪೇಟೆಂಟ್ ಪಡೆದ ಮೊದಲ ಔಷಧಿಗಳಲ್ಲಿ ಒಂದು ರೋಶ್ ಕಂಪನಿಯ ಪೆಗಸಿಸ್. ಅದೇ ಪೆಗಿಲೇಟೆಡ್ ಇಂಟರ್‌ಫೆರಾನ್.

ಆದರೆ ಅದೇ ಕಾನೂನಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದರು. ಪೇಟೆಂಟ್ ಕೊಡೋಕೆ ಮುಂಚೆಯೂ, ಕೊಟ್ಟ ಮೇಲೂ ಆಕ್ಷೇಪಣೆ ಸಲ್ಲಿಸಬಹುದು. ಮುಂಬೈನಲ್ಲಿ ಮಾದಕ ವ್ಯಸನಿಗಳ ಜೊತೆ ಕೆಲಸ ಮಾಡುವ ಸಂಕಲ್ಪ್ ರಿಹ್ಯಾಬಿಲಿಟೇಷನ್ ಟ್ರಸ್ಟ್ ಆ ಬಾಗಿಲು ತಟ್ಟಿತು. ಇದನ್ನ ಸ್ವಲ್ಪ ಊಹಿಸಿಕೊಳ್ಳಿ. ಎದುರಿಗೆ ಸ್ವಿಟ್ಜರ್‌ಲೆಂಡಿನ ದೈತ್ಯ ಕಂಪನಿ. ಈ ಕಡೆ, ಬೀದಿಯಲ್ಲಿ ಮಲಗುವ, ಸೂಜಿ ಚುಚ್ಚಿಕೊಳ್ಳುವ ಜನರಿಗೆ ಊಟ, ಔಷಧಿ ಕೊಡೋ ಒಂದು ಸಂಸ್ಥೆ. 2009ರಲ್ಲಿ ಪೇಟೆಂಟ್ ಕಚೇರಿ ಆಕ್ಷೇಪಣೆ ತಳ್ಳಿಹಾಕಿತು. ಅವರು ಮೇಲ್ಮನವಿ ಹಾಕಿದರು. 2012ರ ನವೆಂಬರ್ 2ರಂದು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಪೇಟೆಂಟನ್ನ ರದ್ದು ಮಾಡಿತು. ಇದರಲ್ಲಿ ಹೊಸ ಆವಿಷ್ಕಾರ ಅನ್ನೋವಂಥದ್ದು ಇಲ್ಲ ಅನ್ನೋದು ಒಂದು ತೀರ್ಮಾನ. ಇನ್ನೊಂದು ತೀರ್ಮಾನ ನನಗೆ ಇನ್ನೂ ದೊಡ್ಡದು ಅನ್ಸುತ್ತೆ: ರೋಗಿಗಳ ಪರವಾಗಿರುವ ಸಂಸ್ಥೆಗೂ ಪೇಟೆಂಟ್ ಪ್ರಶ್ನಿಸುವ ಹಕ್ಕಿದೆ. ಔಷಧಿಯ ಬೆಲೆ ಕಂಪನಿ ಕಂಪನಿ ನಡುವಿನ ಜಗಳ ಮಾತ್ರ ಅಲ್ಲ, ಅದನ್ನ ನುಂಗಬೇಕಾದವನೂ ಕಟಕಟೆ ಹತ್ತಬಹುದು.

ಆ ತೀರ್ಪು ಬಂದಾಗ ಚಿಕ್ಕಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು.

ಒಂದು ಮಾತ್ರೆಗೆ ಸಾವಿರ ಡಾಲರ್

ಅಷ್ಟೊತ್ತಿಗೆ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೇಡವೇ ಬೇಡ ಅನ್ನಿಸುವಂಥ ಔಷಧಿ ತಯಾರಾಗ್ತಿತ್ತು. ಫಾರ್ಮಾಸೆಟ್ ಅನ್ನೋ ಸಣ್ಣ ಕಂಪನಿ. ಅಲ್ಲಿನ ವಿಜ್ಞಾನಿ ಮೈಕಲ್ ಸೋಫಿಯಾ. ಅವರ ಹೆಸರಿನಿಂದಲೇ ಔಷಧಿಗೆ ಸೋಫೋಸ್ಬುವಿರ್ ಅಂತ ಹೆಸರು. ವೈರಸ್ ತನ್ನ ನಕಲು ಮಾಡಿಕೊಳ್ಳೋಕೆ ಬಳಸುವ ಯಂತ್ರಕ್ಕೇ ಇದು ಕಡ್ಡಿ ಸಿಕ್ಕಿಸುತ್ತೆ. ಗಿಲಿಯಡ್ ಕಂಪನಿ ಸುಮಾರು 11 ಶತಕೋಟಿ ಡಾಲರ್ ಕೊಟ್ಟು ಫಾರ್ಮಾಸೆಟ್ಟನ್ನ ಕೊಂಡುಕೊಂಡಿತು. 2013ರ ಡಿಸೆಂಬರಲ್ಲಿ ಮಾತ್ರೆ ಮಾರುಕಟ್ಟೆಗೆ ಬಂತು. 12 ವಾರ, 84 ಮಾತ್ರೆ. ಒಂದು ಮಾತ್ರೆಗೆ 1,000 ಡಾಲರ್. ಒಟ್ಟು 84,000 ಡಾಲರ್, ಆಗಿನ ದರದಲ್ಲಿ ₹50 ಲಕ್ಷದ ಮೇಲೆ.

ಇಲ್ಲಿ ನನ್ನೊಳಗಿನ ಬಿಕಾಂ ವಿದ್ಯಾರ್ಥಿ ಎದ್ದು ಕೂರ್ತಾನೆ. ಬೆಲೆ ಬೇರೆ, ತಯಾರಿಕಾ ವೆಚ್ಚ ಬೇರೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು: ದೊಡ್ಡ ಪ್ರಮಾಣದಲ್ಲಿ ಮಾಡಿದರೆ 12 ವಾರದ ಸೋಫೋಸ್ಬುವಿರ್ ತಯಾರಿಸೋಕೆ ಬೇಕಾಗೋದು ಸುಮಾರು 68ರಿಂದ 136 ಡಾಲರ್. ಹಾಗಂತ ಉಳಿದಿದ್ದೆಲ್ಲ ಲಾಭ ಅಂತಲ್ಲ. ಸಂಶೋಧನೆಗೆ, ಕಂಪನಿ ಖರೀದಿಗೆ ದುಡ್ಡು ಹಾಕಿದ್ದಾರೆ. ಸರಿ, ಅದನ್ನೂ ಲೆಕ್ಕಕ್ಕೆ ತಗೊಳ್ಳೋಣ. 2014ರ ಒಂದೇ ವರ್ಷದಲ್ಲಿ ಆ ಒಂದೇ ಮಾತ್ರೆಯ ಮಾರಾಟ 10 ಶತಕೋಟಿ ಡಾಲರ್ ದಾಟಿತು. ಮಾರಾಟ ಅಂದರೆ ಲಾಭ ಅಲ್ಲ, ಗೊತ್ತು. ಆದರೂ ಒಂದು ಕಂಪನಿ ಕೊಳ್ಳೋಕೆ ಹಾಕಿದ ದುಡ್ಡಿನ ಹತ್ತಿರಹತ್ತಿರ ಮೊತ್ತ ಮೊದಲ ಪೂರ್ಣ ವರ್ಷದಲ್ಲೇ ಗಲ್ಲಾಪೆಟ್ಟಿಗೆಗೆ ಬಂತು. 2015ರ ಕೊನೆಗೆ ಅಮೆರಿಕದ ಸೆನೆಟ್ ಸಮಿತಿಯ ವರದಿಯೇ ಹೇಳಿತು: ಬೆಲೆ ನಿಗದಿ ಮಾಡುವಾಗ ಕಂಪನಿಯ ಕಣ್ಣು ಆದಾಯದ ಮೇಲಿತ್ತು, ಎಷ್ಟು ಜನಕ್ಕೆ ಔಷಧಿ ತಲುಪುತ್ತೆ ಅನ್ನೋದರ ಮೇಲಲ್ಲ.

ಭಾರತದಲ್ಲಿ ಏನಾಯ್ತು? ಪೇಟೆಂಟ್ ಅರ್ಜಿ ಬಂದಾಗ ಆಕ್ಷೇಪಣೆಗಳು ಸಾಲುಗಟ್ಟಿ ನಿಂತವು. ಔಷಧಿ ಕಂಪನಿ ನ್ಯಾಟ್ಕೋ ಇತ್ತು, ಐ-ಮ್ಯಾಕ್ ಅನ್ನೋ ಸಂಸ್ಥೆ ಇತ್ತು, ಡೆಲ್ಲಿ ನೆಟ್‌ವರ್ಕ್ ಆಫ್ ಪಾಸಿಟಿವ್ ಪೀಪಲ್ ಇತ್ತು. ಈ ಕೊನೆಯ ಹೆಸರು ಗಮನಿಸಿ. ಅದು ಎಚ್‌ಐವಿ ಜೊತೆ ಬದುಕ್ತಿರೋರೇ ಕಟ್ಟಿದ ಸಂಘಟನೆ. ಎಆರ್‌ಟಿ ಅಗ್ಗವಾಗಿದ್ದು ಹೇಗೆ ಅಂತ ಕಣ್ಣಾರೆ ಕಂಡಿದ್ದವರು, ಅದೇ ದಾರೀಲಿ ಲಿವರಿನ ಔಷಧಿಗೂ ಹೋರಾಡಿದರು.

ಒತ್ತಡ ಏರ್ತಿದ್ದಾಗ, 2014ರ ಸೆಪ್ಟೆಂಬರಲ್ಲಿ ಗಿಲಿಯಡ್ ಏಳು ಭಾರತೀಯ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. 91 ದೇಶಗಳಿಗೆ ತಯಾರಿಸಿ ಮಾರಬಹುದು, ಬೆಲೆ ನೀವೇ ಇಡಿ, ಮಾರಾಟದ ಮೇಲೆ ಶೇ. 7 ರಾಯಧನ ಕೊಡಿ. ಆ ಏಳರಲ್ಲಿ ಒಂದು ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್. 2015ರ ಜನವರಿಯಲ್ಲಿ ಬೆಂಗಳೂರಿನದೇ ಬಯೋಕಾನ್ ಕೂಡ ಸೇರಿತು. ಅದೇ ತಿಂಗಳು ಪೇಟೆಂಟ್ ಕಚೇರಿ ಗಿಲಿಯಡ್‌ನ ಅರ್ಜಿಯನ್ನ ತಿರಸ್ಕರಿಸಿತು. ಎರಡು ವಾರದಲ್ಲಿ ದೆಹಲಿ ಹೈಕೋರ್ಟ್ ಮರುಪರಿಶೀಲನೆಗೆ ವಾಪಸ್ ಕಳಿಸಿತು. 2016ರ ಮೇನಲ್ಲಿ ಪೇಟೆಂಟ್ ಸಿಕ್ಕೇಬಿಟ್ಟಿತು.

ಅಂದರೆ ಕಾಗದದ ಮೇಲೆ ರೋಗಿಗಳು ಸೋತರು. ಇದನ್ನ ಮುಚ್ಚಿಡೋಕೆ ಹೋಗಲ್ಲ. ಆದರೆ ಅಷ್ಟರಲ್ಲಿ ಮಾರುಕಟ್ಟೆ ಬದಲಾಗಿಹೋಗಿತ್ತು. 2015ರ ಮಾರ್ಚ್ ಹೊತ್ತಿಗೆ 28 ಮಾತ್ರೆಯ ಬಾಟಲಿಗೆ ₹20,000ದ ಹತ್ತಿರ ಬೆಲೆ ಇಟ್ಟು ಭಾರತೀಯ ಸೋಫೋಸ್ಬುವಿರ್ ಬಂತು. ಮೂರು ಬಾಟಲಿಗೆ ₹60,000. ಹತ್ತಾರು ಕಂಪನಿಗಳ ಪೈಪೋಟಿಯಲ್ಲಿ ಅದು ಇನ್ನೂ ಇಳೀತಾ ಹೋಯಿತು. ಪರವಾನಗಿಯ ಪಟ್ಟಿಯಿಂದ ಹೊರಗೆ ಉಳಿದ ದೇಶಗಳ ಪಾಡೂ ನೆನಪಿರಲಿ. ಸೂಜಿಯಿಂದ ಎರಡೂ ವೈರಸ್ ಹರಡಿದ್ದ ಉಕ್ರೇನ್, ಥಾಯ್ಲೆಂಡ್, ಮಲೇಷ್ಯಾಗಳನ್ನ ಸೇರಿಸಿದ್ದು 2017ರಲ್ಲಿ.

ಕಷ್ಟದ ರೋಗಿಗಳು ಯಾರು?

ಇನ್ನೊಂದು ಪ್ರಶ್ನೆ ಉಳೀತು. ಎಚ್‌ಐವಿ ಇದ್ದವರಿಗೂ ಈ ಹೊಸ ಮಾತ್ರೆ ಕೆಲಸ ಮಾಡುತ್ತಾ? ಇಂಟರ್‌ಫೆರಾನ್ ಕಾಲದಲ್ಲಿ ನೂರಕ್ಕೆ 40 ಅಂದ್ವಲ್ಲ. 2015ರಲ್ಲಿ ಎರಡೂ ವೈರಸ್ ಇದ್ದ 335 ಜನರ ಮೇಲೆ ಸೋಫೋಸ್ಬುವಿರ್ ಮತ್ತು ಲೆಡಿಪಾಸ್ವಿರ್ ಸೇರಿದ ಮಾತ್ರೆಯ ಪ್ರಯೋಗದ ಫಲಿತಾಂಶ ಬಂತು. ವಾಸಿಯಾದವರು ಶೇ. 96. ಅದೇ ವರ್ಷ ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ 12 ವಾರ ತಗೊಂಡವರಲ್ಲಿ ಶೇ. 97. ಎಚ್‌ಐವಿ ಇಲ್ಲದವರಿಗೆ ಎಷ್ಟೋ ಇವರಿಗೂ ಅಷ್ಟೇ.

ಇದನ್ನ ಓದಿದಾಗ ನನಗೆ ಅನ್ಸಿದ್ದು: ಇಷ್ಟು ವರ್ಷ 'ಕಷ್ಟದ ರೋಗಿಗಳು' ಅಂತ ಇವರನ್ನ ಕರೆದರಲ್ಲ, ಕಷ್ಟ ಇದ್ದಿದ್ದು ರೋಗಿಗಳಲ್ಲಿ ಅಲ್ಲ, ಔಷಧಿಯಲ್ಲಿ. ಒಳ್ಳೇ ಔಷಧಿ ಬಂದ ದಿನ ಆ ಪದಕ್ಕೆ ಅರ್ಥವೇ ಇಲ್ಲವಾಯಿತು.

2016ರಲ್ಲಿ ಪಂಜಾಬ್ ಸರ್ಕಾರ ತನ್ನ ಜನರಿಗೆ ಉಚಿತ ಚಿಕಿತ್ಸೆ ಶುರು ಮಾಡಿತು. 2018ರ ಜುಲೈ 28, ವಿಶ್ವ ಹೆಪಟೈಟಿಸ್ ದಿನದಂದು, ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂತು. ಪರೀಕ್ಷೆ ಉಚಿತ, ಮಾತ್ರೆ ಉಚಿತ. ಇಂಫಾಲದಲ್ಲಿ ಕೋನ್ ಅನ್ನೋ ಹೆಸರಿನ, ಮಾದಕವಸ್ತು ಬಳಸುವವರದ್ದೇ ಸಮುದಾಯ ಸಂಘಟನೆ ಇದನ್ನ ಜನರ ಹತ್ತಿರಕ್ಕೆ ಒಯ್ದಿತು. ಒಂದೇ ಜಾಗದಲ್ಲಿ, ಒಂದೇ ದಿನದಲ್ಲಿ ಪರೀಕ್ಷೆ ಮಾಡಿ ಔಷಧಿ ಶುರು ಮಾಡುವ ಪ್ರಯತ್ನವೂ ಅಲ್ಲಿ ನಡೆಯಿತು. ಯಾಕೆ ಒಂದೇ ದಿನ? "ಮುಂದಿನ ವಾರ ಬನ್ನಿ" ಅಂದರೆ ಅರ್ಧ ಜನ ವಾಪಸ್ ಬರಲ್ಲ. ದಿನಗೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಇನ್ನೊಬ್ಬರು ನೋಡ್ತಾರೇನೋ ಅಂತ ತಲೆ ತಗ್ಗಿಸಿ ಎಷ್ಟು ಸಲ ಬರೋದು?

ಚಿಕ್ಕಪ್ಪನ ಜೊತೆಗಾರನಿಗೆ 2019ರಲ್ಲಿ ಸಿಕ್ಕಿದ್ದು ಸೋಫೋಸ್ಬುವಿರ್ ಮತ್ತು ಡಕ್ಲಾಟಾಸ್ವಿರ್. ಅವರ ಎಚ್‌ಐವಿ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ಅದು ಡಕ್ಲಾಟಾಸ್ವಿರನ್ನ ದೇಹದಿಂದ ಬೇಗ ಹೊರಹಾಕುತ್ತೆ. ಹಾಗಾಗಿ 60 ಮಿಲಿಗ್ರಾಂ ಬದಲು 90 ಕೊಟ್ಟರು. ಸಣ್ಣ ಬದಲಾವಣೆ ಅಷ್ಟೇ. ಆದರೆ ಅದನ್ನ ಮಾಡೋಕೆ ಎರಡೂ ಕಾಯಿಲೆಯ ಫೈಲ್ ಒಂದೇ ಮೇಜಿನ ಮೇಲೆ ಇರಬೇಕು. ಎರಡು ಖಾತೆ ಒಂದಾಗೋದು ಅಂದರೆ ಇದು.

ಇತಿಹಾಸ ಮುಗೀತಾ?

ಇಲ್ಲ. 2016ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಎಚ್‌ಐವಿ ಜೊತೆ ಬದುಕ್ತಿರೋರಲ್ಲಿ ಸುಮಾರು 23 ಲಕ್ಷ ಜನಕ್ಕೆ ಹೆಪಟೈಟಿಸ್ ಸಿ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 13 ಲಕ್ಷದಷ್ಟು, ಸೂಜಿಯಿಂದ ಮಾದಕವಸ್ತು ತಗೊಳ್ಳುವವರು.

ಹೆಪಟೈಟಿಸ್ ಸಿಗೆ ಇವತ್ತಿಗೂ ಲಸಿಕೆ ಇಲ್ಲ. ಒಮ್ಮೆ ವಾಸಿಯಾದರೆ ಮತ್ತೆ ಬರಲ್ಲ ಅಂತಲೂ ಇಲ್ಲ, ಸೂಜಿ ಹಂಚಿಕೊಂಡರೆ ಮತ್ತೆ ಬರುತ್ತೆ. ಅದಕ್ಕೇ ಹೊಸ ಸಿರಿಂಜ್ ಕೊಡೋದು, ಹೆರಾಯಿನ್ ಬದಲು ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಕೊಡೋದು ಚಿಕಿತ್ಸೆಯಷ್ಟೇ ಮುಖ್ಯ. "ಚಟ ಇದ್ದೋರಿಗೆ ಸರ್ಕಾರವೇ ಸೂಜಿ ಕೊಡೋದಾ?" ಅಂತ ನಮ್ಮ ಮನೇಲೂ ಕೇಳಿದರು. ನಾನು ಹೇಳಿದ್ದು ಇಷ್ಟೇ: ಕೊಡದೇ ಇದ್ದಾಗ ಏನಾಯ್ತು ಅನ್ನೋದಕ್ಕೆ 1989ರ ಆ ಆರು ತಿಂಗಳ ಲೆಕ್ಕ ಇದೆ.

ಕೇಳ್ತಿರೋರಲ್ಲಿ ಯಾರಾದರೂ ಎಆರ್‌ಟಿ ತಗೊಳ್ತಿದ್ದರೆ, ಅಥವಾ ನಿಮ್ಮೋರು ಯಾರಾದರೂ ತಗೊಳ್ತಿದ್ದರೆ, ಒಂದು ಮಾತು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯಾ ಅಂತ ಮುಂದಿನ ಸಲ ಹೋದಾಗ ಕೇಳಿ. ಎಚ್‌ಐವಿ ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡಬೇಕು ಅಂತ ಈಗ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ, ಕೇಳೋಕೆ ಸಂಕೋಚ ಬೇಡ. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ವೈರಸ್ ಈಗಲೂ ಇದೆ ಅಂತ ಅರ್ಥ ಅಲ್ಲ, ಅದನ್ನ ಖಾತ್ರಿ ಮಾಡೋಕೆ ಎರಡನೇ ಪರೀಕ್ಷೆ ಇದೆ. ಔಷಧಿ ಮುಗಿದು 12 ವಾರ ಆದಮೇಲೆ ಮತ್ತೆ ಪರೀಕ್ಷೆ ಮಾಡಿ, ವೈರಸ್ ಕಾಣದಿದ್ದರೆ ವಾಸಿ ಅಂತ ಲೆಕ್ಕ. ಎಚ್‌ಐವಿ ವಿಷಯ ಏನೇ ಕೇಳಬೇಕಿದ್ದರೂ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಕೆಲಸದ ಜಾಗದಲ್ಲಿ, ಆಸ್ಪತ್ರೆಯಲ್ಲಿ ಎಚ್‌ಐವಿ ಇದೆ ಅಂತ ಯಾರಾದರೂ ತಾರತಮ್ಯ ಮಾಡಿದರೆ ಅದು 2017ರ ಕಾಯ್ದೆ ಪ್ರಕಾರ ತಪ್ಪು.

ಕೊನೆಗೆ ಗೆಳೆಯನ ಪ್ರಶ್ನೆಗೆ ಬರ್ತೀನಿ. ಲಕ್ಷಗಟ್ಟಲೆ ಇದ್ದಿದ್ದು ಹೇಗೆ ಉಚಿತ ಆಯ್ತು? ತಾನಾಗೇ ಆಗಲಿಲ್ಲ. ವಿಜ್ಞಾನಿಗಳು ಔಷಧಿ ಕೊಟ್ಟರು, ಅದು ನಿಜ. ಆದರೆ ಅದು ಇಂಫಾಲದ ಓಣಿ ತಲುಪಿದ್ದು ಆಕ್ಷೇಪಣೆ ಬರೆದವರಿಂದ, ಮೇಲ್ಮನವಿ ಹಾಕಿದವರಿಂದ, ಸೋತರೂ ಮತ್ತೆ ಹೋದವರಿಂದ. ಅವರಲ್ಲಿ ಎಷ್ಟೋ ಜನ ಸ್ವತಃ ರೋಗಿಗಳು. ಬೆಲೆ ಅನ್ನೋದು ಮಳೆ ಬಿಸಿಲಿನ ಥರ ಅಲ್ಲ, ಅದನ್ನ ಯಾರೋ ಕೂತು ನಿರ್ಧರಿಸಿರ್ತಾರೆ. ನಿರ್ಧಾರ ಆಗಿದ್ದರೆ ಪ್ರಶ್ನಿಸಬಹುದು.

ಚಿಕ್ಕಪ್ಪನಿಗೆ ಯಾಕೆ ಆಗಲಿಲ್ಲ? ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಅವರು ತಮ್ಮ ಕಡೆಯಿಂದ ಒಂದು ತಿಂಗಳೂ ತಪ್ಪಿಸಲಿಲ್ಲ. ತಡವಾಗಿದ್ದು ಬೇರೆಯವರ ಕಡೆಯಿಂದ. ಇದನ್ನೇ ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಚೀಟಿ ಇನ್ನೂ ಪುಸ್ತಕದಲ್ಲೇ ಇದೆ. ಅಮ್ಮ ಬಿಸಾಡೋಕೆ ಬಿಡಲ್ಲ" ಅಂದ. ಅಷ್ಟರಲ್ಲಿ ಕರೆಂಟ್ ಬಂತು, ಇಬ್ಬರೂ ಕೆಳಗೆ ಇಳಿದು ಬಂದ್ವಿ.

ಇವತ್ತಿಗೆ ಇಷ್ಟು. ಈ ಸಂಚಿಕೆ ಯಾರಿಗಾದರೂ ಬೇಕಾಗಬಹುದು ಅನ್ಸಿದರೆ ಅವರಿಗೆ ಕಳಿಸಿ. ಯಾಕೆ ಕಳಿಸ್ತಿದೀನಿ ಅಂತ ಕಾರಣ ಹೇಳೋದು ಬೇಡ, ಸುಮ್ಮನೆ ಕಳಿಸಿ ಸಾಕು. ಮುಂದಿನ ವಾರ ಸಿಗೋಣ.